ಕಸ್ತೂರಮ್ಮ, ಭಾನುವಳ್ಳಿ

ವೇದಿಕೆಯ ಅಧ್ಯಕ್ಷರೇ, ಹಾರದ ಭಾರಕ್ಕೆ ತಲೆ ತಗ್ಗಿಸಿ ಕುಳಿತ ಮುಖ್ಯ ಅತಿಥಿಗಳೇ, ನಮ್ಮ ಗ್ರಂಥಾಲಯ ತರಬೇತಿ ಶಾಲೆಯ ಹಳೆಯ ವಿದ್ಯಾರ್ಥಿಗಳೇ, ಊಟದ ಎಲೆ ಹಾಕುವ ಸದ್ದಿಗೆ ಆಗಲೇ ಕತ್ತು ತಿರುಗಿಸಿರುವ ಸಭಿಕರೇ!

ಈ ಮೈಕು ಆಚೆಗಿಡಿ. ಕಂಪನಿ ನಾಟಕದಲ್ಲಿ ಭೀಮನ ಗದೆ ಹೊತ್ತು ಬೆಳೆದ ಗಂಟಲಿದು. ಹರಿಹರದ ಗ್ರಂಥಾಲಯದಲ್ಲಿ ‘ಸದ್ದು ಮಾಡಬೇಡಿ’ ಎಂದು ನಾನು ಗರ್ಜಿಸಿದಾಗಲೇ ಓದುಗರು ಬೆಚ್ಚಿಬೀಳುತ್ತಿದ್ದರು.

ಸಂಘದ ಕಾರ್ಯದರ್ಶಿಯಾಗಿ ವರದಿ ಒಪ್ಪಿಸಬೇಕು. ಹರಿಹರದಲ್ಲಿ ಪುಸ್ತಕ ಬೈಂಡಿಂಗ್ ಮಾಡುವ ಅಬ್ದುಲ್ ರಹೀಮರ ಮಗಳು ರುಮಾನಾಗೆ ನಮ್ಮ ಶಾಲೆಯಲ್ಲಿ ಸೀಟು ಸಿಕ್ಕಿದೆ. ಫೀ ಎರಡು ಸಾವಿರ. ಸೋಮವಾರ ಸಂಜೆಯೊಳಗೆ ಕಟ್ಟದಿದ್ದರೆ ಸೀಟು ಇನ್ನೊಬ್ಬರಿಗೆ. ಇವತ್ತೇನು ವಾರ? ಭಾನುವಾರ!

ಅವಳ ಫೀಗೆಂದು ವಿದ್ಯಾರ್ಥಿವೇತನ ನಿಧಿಗೆ ಸಹಾಯ ಕೋರಿ ಎಂಬತ್ತು ಸದಸ್ಯರಿಗೆ ಪತ್ರ ಬರೆದೆ. ಸದಸ್ಯರ ಚೀಟಿಗಳನ್ನು ನಾವು ಹೇಗೆ ಬರೆದಿಟ್ಟಿದ್ದೇವೆ? ನಮಗೆ ಕಲಿಸಿದ ಹಾಗೆ, ಸೂಚಿಯ ಪದ್ಧತಿಯಲ್ಲಿ, ಹೆಸರನ್ನು ತಿರುವುಮುರುವು ಮಾಡಿ. ಭಾನುವಳ್ಳಿ ಕಸ್ತೂರಮ್ಮ ಎಂಬ ನಮ್ಮ ಸದಸ್ಯೆ ಚೀಟಿಯಲ್ಲಿ ‘ಕಸ್ತೂರಮ್ಮ, ಭಾನುವಳ್ಳಿ’. ಭಾನುವಳ್ಳಿ ಅವರ ಮನೆತನದ ಹೆಸರು; ಅವರಿರುವುದು ಇದೇ ದಾವಣಗೆರೆಯಲ್ಲಿ. ವಿಳಾಸ ಚೀಟಿಯ ಹಿಂಬದಿಯಲ್ಲಿತ್ತು. ಊರಿನ ಹೆಸರು ಮುಂದೆಯೇ ಕಂಡ ಮೇಲೆ ಹಿಂಬದಿ ತಿರುಗಿಸುವ ಮಹಾನುಭಾವ ಯಾರು? ನಾನಂತೂ ಅಲ್ಲ. ‘ಹರಿಹರ ತಾಲ್ಲೂಕು’ ಎಂದು ಬೇರೆ ಸೇರಿಸಿದೆ! ಹೀಗೆ ಮೂವತ್ತು ಪತ್ರಗಳು ಹಳ್ಳಿಹಳ್ಳಿಗೆ ಹೋಗಿ, ನಮ್ಮ ಶಾಲೆಯ ಮುಖ ಕಾಣದವರ ಕೈ ಸೇರಿದವು.

ಕೊಕ್ಕನೂರಿನ ಯಾರೋ ಹಾಲೇಶಪ್ಪ ನೂರು ರೂಪಾಯಿ ಮನಿಯಾರ್ಡರ್ ಮಾಡಿದರು. ಕೆಳಗೆ ಎರಡು ಸಾಲು: ‘ನಿಮ್ಮಲ್ಲಿ ಓದಿದ ನೆನಪಿಲ್ಲ. ಆದರೂ ಇರಲಿ.’ ನಮ್ಮ ಕೊಕ್ಕನೂರು ಹಾಲೇಶಪ್ಪನವರು ಮುಂದಿನ ಸಾಲಿನಲ್ಲೇ ನಗುತ್ತಿದ್ದಾರೆ. ಪಾಪ, ಅವರಿಗೆ ಪತ್ರ ತಲುಪಲಿಲ್ಲ. ಸರಿಯಾಗಿ ತಲುಪಿದ ಐವತ್ತು ಜನರೇ, ನಿಮಗೇನಾಗಿತ್ತು? ಒಂದು ರೂಪಾಯಿ? ಒಂದು ಸಾಲು? ‘ಆಗುವುದಿಲ್ಲ’ ಎಂಬ ಒಂದು ಕಾರ್ಡು?

ಮೊನ್ನೆ ಭಾನುವಳ್ಳಿಯ ಬಸ್ಸಿಳಿದು ಒಬ್ಬ ಹೆಂಗಸು ಲೈಬ್ರರಿಗೆ ಬಂದರು. ಕೈಯಲ್ಲಿ ನನ್ನ ಪತ್ರ.

‘ಇದನ್ನ ಬರ್ದೋರು ಯಾರ್ರಿ? ನಾ ಯಾವ ಸಾಲಿ ಕಟ್ಟೀನೂ ಹತ್ತಿಲ್ಲ. ಹಳೇ ವಿದ್ಯಾರ್ಥಿ ಅಂತ ಬರ್ದೀರಲ್ಲ! ಮೊಮ್ಮಗಳು ಓದಿದ್ಲು, ಓಣಿಗೆ ಓಣೀನೇ ನಕ್ತು.’

‘ತಪ್ಪಾಗೈತಮ್ಮಾ. ಅದು ನಿಮಗಲ್ಲ.’

‘ನಂಗಲ್ಲ ಅಂದ್ರೆ? ಹೆಸ್ರು ನಂದು, ಊರು ನಂದು! ಅದಿರ್ಲಿ, ಆ ಹುಡುಗಿ ಫೀ ಕಟ್ಟಿದ್ರಾ?’

‘ಇನ್ನೂ ಇಲ್ಲ.’

ಸೆರಗಿನ ಗಂಟು ಬಿಚ್ಚಿ ಐವತ್ತರ ನೋಟು ಮೇಜಿನ ಮೇಲಿಟ್ಟರು. ಆಮೇಲೆ ನನ್ನ ಮುಖವನ್ನೇ ನೋಡಿದರು.

‘ನೀವೆಷ್ಟು ಕೊಟ್ರಿ?’

‘ನಾನು ಕಾರ್ಯದರ್ಶಿ, ಅಮ್ಮಾ.’

‘ಹಂಗಂದ್ರೆ? ಕೊಡಬ್ಯಾಡ ಅಂತ ಐತೇನು?’

ಸಭಿಕರೇ, ನಾನು ಸ್ಕಾಲರ್‌ಶಿಪ್ಪಿನಲ್ಲಿ ಓದಿದವನೆಂದು ಇದೇ ವೇದಿಕೆಯಲ್ಲಿ ಎಷ್ಟು ಸಲ ಎದೆ ತಟ್ಟಿದ್ದೇನೆ! ಯಾವ ಸ್ಕಾಲರ್‌ಶಿಪ್ಪು? ನನ್ನ ಫೀ ಕಟ್ಟಿದ್ದು ನಾಟಕ ಕಂಪನಿಯಲ್ಲಿ ಅಡುಗೆ ಮಾಡುತ್ತಿದ್ದ ಓಬವ್ವ. ಯಾರಿಗೂ ಹೇಳಿರಲಿಲ್ಲ, ನಾಚಿಕೆಯಾಗುತ್ತಿತ್ತು. ಈಗ ಆಗುತ್ತಿರುವುದು ಬೇರೆ ನಾಚಿಕೆ.

ಅಪರಿಚಿತರಿಂದ ಬಂದದ್ದು ಆರುನೂರ ನಲವತ್ತು. ಇಗೋ, ನನ್ನದು ಐದುನೂರು. ಇನ್ನೂ ಬೇಕಾದದ್ದು ಎಂಟುನೂರ ಅರವತ್ತು. ಇದಕ್ಕೆ ನಾನಿನ್ನು ಪತ್ರ ಬರೆಯುವುದಿಲ್ಲ. ಊಟದ ಮನೆಗೆ ಇರುವುದು ಒಂದೇ ಬಾಗಿಲು. ಅಲ್ಲಿ ಕುರ್ಚಿ ಹಾಕಿ ಭಾನುವಳ್ಳಿಯ ಕಸ್ತೂರಮ್ಮನವರನ್ನು ಕೂರಿಸಿದ್ದೇನೆ. ರಸೀದಿ ನಾನು ಬರೆಯುತ್ತೇನೆ. ಅವರಿಗೆ ಬರೆಯಲು ಬಾರದು, ಕೇಳಲು ಬರುತ್ತದೆ.

ಇಷ್ಟು ಹೊತ್ತು ನನ್ನ ಗಂಟಲನ್ನು ಸಹಿಸಿದ ನಿಮಗೆಲ್ಲ ಧನ್ಯವಾದ. ಒಬ್ಬೊಬ್ಬರಾಗಿ ಎದ್ದು ಬನ್ನಿ. ನಮಸ್ಕಾರ.