ಜೊತೆಯವಳ ಜಡೆ

ರಾಜಾಜಿನಗರದಲ್ಲಿ ಇನ್ನೂ ಸೈಟುಗಳನ್ನು ಅಳೆಯುತ್ತಿದ್ದ ಕಾಲ. ಮಾಗಡಿ ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಕಮಲಾಕ್ಷಮ್ಮನಿಗೆ ಕದ್ದು ಕೇಳುವ ಚಟವೇನೂ ಇರಲಿಲ್ಲ. ಹಾಗಂತ ಕಿವಿ ಮುಚ್ಚಿಕೊಳ್ಳುವವಳೂ ಅಲ್ಲ. ಪಕ್ಕದಲ್ಲಿ ಕಾಲೇಜು ಹುಡುಗಿಯೊಬ್ಬಳು ಸಂಘಸಂಸ್ಥೆಗಳ ಒಳಗಿನ ರೀತಿನೀತಿಯ ಬಗ್ಗೆ ಪ್ರಬಂಧ ಬರೆಯಲೆಂದು, ಹೇರೋಹಳ್ಳಿಯ ಶಾಂತಿಮಂಡಲಿ ಎಂಬ ಹೆಂಗಸರ ಆಶ್ರಮ ಬಿಟ್ಟುಬಂದ ಮುನಿತಾಯಮ್ಮನನ್ನು ಮಾತಾಡಿಸುತ್ತಿದ್ದಳು.

“ಅಲ್ಲಿ ಹೇಳೋರು ಕೇಳೋರು ಯಾರಮ್ಮ?”

“ಕಟ್ಟಳೇನೇ ಯಜಮಾನ ಕಣವ್ವ. ನಮ್ಮ ತಲೆ ನಾವೇ ಬಾಚ್ಕೋಬಾರ್ದು, ಜೊತೆಯವಳೇ ಬಾಚ್ಬೇಕು. ನಂಗೆ ಪುಟ್ಟಗೌರಿ, ಅವಳಿಗೆ ನಾನು. ಎಳೆಬಿಸ್ಲಲ್ಲಿ ಹೊಂಗೆ ಮರದಡಿ ಕೂತ್ರೆ ಜಡೆ ಮುಗಿದ್ರೂ ಮಾತು ಮುಗೀತಿರ್ಲಿಲ್ಲ.”

“ಮತ್ಯಾಕೆ ಬಿಟ್ಟು ಬಂದ್ರಿ?”

“ನಮ್ಮವ್ವ ತೀರ್ಕೊಂಡಾಗ್ಲೂ ಊರಿಗೆ ಕಳಿಸ್ಲಿಲ್ಲ. ಹೇಳ್ದೆ ಕೇಳ್ದೆ ಹೊರಟ್ಬಂದೆ. ಬಿಟ್ಟೋದವರ ಹೆಸರನ್ನೂ ಎತ್ಕೂಡ್ದು ಅಲ್ಲಿ. ಗೌರಿ ಮರೆತಿರ್ತಾಳೆ ಬಿಡು.”

“ಮೊನ್ನೆ ಅಲ್ಲಿಗೂ ಹೋಗಿದ್ದೆ ಕಣಮ್ಮ. ಒಬ್ರು ಮಾತ್ರ ಮರದಡಿ ಕೂತು ತಮ್ಮ ತಲೆ ತಾವೇ ಬಾಚ್ಕೊಳ್ತಿದ್ರು. ನಿಮಗೆ ಜೊತೆಯವರಿಲ್ವಾ ಅಂದೆ. ‘ಇದಾಳೆ, ಬರ್ತಾಳೆ’ ಅಂದ್ರು.”

ಮುನಿತಾಯಮ್ಮ ಹುಡುಗಿಯ ಕಡೆ ತಿರುಗಿದಳು.

“ಬೈತಲೆ ಸೊಟ್ಟಗಿತ್ತಾ?”

“ಹೂಂ. ತುಂಬಾನೇ.”

“ಇರ್ತದೆ. ಅವಳಿಗೆ ನೆಟ್ಟಗೆ ತೆಗೆಯೋಕೆ ಬರಲ್ಲ.”

ಅಷ್ಟರಲ್ಲಿ ಪೇಟೆ ಕಡೆಯ ಬಸ್ಸು ಬಂತು. ಹುಡುಗಿ ಹತ್ತಿ ಕೈ ಚಾಚಿದಳು.

“ಬನ್ನಿ ಅಮ್ಮ, ಇದೇ ನಮ್ಮ ಬಸ್ಸು.”

“ನೀನು ಹೋಗವ್ವ.”

ಮುನಿತಾಯಮ್ಮ ಆಗಲೇ ರಸ್ತೆ ದಾಟುತ್ತಿದ್ದಳು. ಹೇರೋಹಳ್ಳಿ ಕಡೆಗೆ ಹೋಗುವ ಬಸ್ಸು ನಿಲ್ಲುತ್ತಿದ್ದದ್ದು ಆ ಬದಿಯಲ್ಲಿ.