ಹಳ್ಳದ ಆಚೆ ದಡ

ಬಿ.ಸಿ.ರೋಡಿನಲ್ಲಿ ಬೆಳ್ತಂಗಡಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ಖಾಕಿ ಹಾಕಿದ ಫಾರೆಸ್ಟರೊಬ್ಬರು, ಅವರ ಬದಿಯಲ್ಲಿ ಲ್ಯಾಪ್‌ಟಾಪ್ ಚೀಲ ಹಿಡಿದುಕೊಂಡ ಹೆಂಗಸು. ಕದ್ದು ಕೇಳುವ ಚಟ ನನಗಿಲ್ಲ. ಅವರ ಸ್ವರವೇ ದೊಡ್ಡದಿತ್ತು.

"ಲತೇಶ್, ನಿನ್ನೆಯ ಆನ್‌ಲೈನ್ ಸೆಮಿನಾರ್ ನಮ್ಮಂಥ ಸಂಶೋಧಕರಿಗೆ, ನಿಮ್ಮ ಇಲಾಖೆಯವರಿಗೆ ಮಾತ್ರ ಅಂತ ಹೇಳಿದ್ದೆನಲ್ಲ. ಲಿಂಕನ್ನು ಊರಿನ ಗ್ರೂಪಿಗೆ ಯಾಕೆ ಹಾಕಿದ್ದು?"

"ನನಗೂ ಅದರಲ್ಲಿ ಮಾತಾಡ್ಲಿಕ್ಕೆ ಇತ್ತಲ್ಲ ಮೇಡಂ. ಮನೆಯವರು, ಊರಿನವರು ನೋಡಲಿ ಅಂತ ಹಾಕಿದೆ."

"ನಾನು ತೋರಿಸಿದ್ದು ಚಿಪ್ಪುಹಂದಿಯ ಬಿಲ ಇರುವ ಜಾಗದ ಮ್ಯಾಪ್. ಚಿಪ್ಪಿಗೋಸ್ಕರ ಅದನ್ನು ಹಿಡಿಯುವವರಿದ್ದಾರೆ ಅಂತ ನಿಮಗೆ ಗೊತ್ತುಂಟಲ್ಲ?"

"ಗೊತ್ತುಂಟು. ಆದರೆ ಬಿಲ ಹಳ್ಳದ ಯಾವ ಬದಿಯಲ್ಲಿ ಅಂತ ಆ ಮ್ಯಾಪ್ ನೋಡಿ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ. ಆ ಕಾಡಿನಲ್ಲಿ ಸುಮ್ಮನೆ ಹುಡುಕಿದರೆ ಸಿಗುವಂಥದ್ದಲ್ಲ. ನೀವು ಹೆದರಬೇಡಿ."



"ಆಚೆ ದಡ ಅಂತ ನಾನೇ ಹೇಳಿದೆ."

"ಯಾರಿಗೆ?"

"ನಿಮ್ಮ ಆಫೀಸಿನವರಿಗೆ. ಕೊನೆಗೆ, ನೀವು ಮಾತಾಡಿ ಹೊರಗೆ ಹೋದ ಮೇಲೆ ಚಾಟಿನಲ್ಲಿ ಕೇಳಿದ್ರು, ಬಿಲ ಈಚೆಯೋ ಆಚೆಯೋ ಅಂತ."

"ಕೇಳಿದವರ ಹೆಸರು?"

"ಹೆಸರು ಇರಲಿಲ್ಲ. ರೇಂಜ್ ಆಫೀಸ್ ಅಂತ ಮಾತ್ರ ಇತ್ತು."

"ಮೇಡಂ, ನಮ್ಮ ಆಫೀಸಿನಿಂದ ಸೇರಿದ್ದು ನಾನೊಬ್ಬನೇ."

ಬಸ್ಸು ಬಂದು ನಿಂತಿತು. ಅಷ್ಟು ಹೊತ್ತು ಅದಕ್ಕೇ ಕಾದಿದ್ದ ಇಬ್ಬರೂ ಅದರ ಕಡೆ ತಿರುಗಿಯೂ ನೋಡದೆ ಬಾಡಿಗೆ ಕಾರುಗಳು ನಿಲ್ಲುವಲ್ಲಿಗೆ ಓಡಿದರು.