ಹೇಳದೆ ಬಿಟ್ಟ ಫೌಲ್

ಮಧ್ಯಾಹ್ನದ ಮಳೆಗೆ ಕರೆಂಟು ಹೋಗಿ ಸ್ನೂಕರ್ ಮೇಜಿನ ದೀಪ ಆರಿತು. ಆಟ ಅರ್ಧಕ್ಕೇ ನಿಂತಿತು. ಆಡುತ್ತಿದ್ದ ಟೈಲರ್ ಮಾವ, ಅವರ ಅಳಿಯ, ನೋಡಲು ಬಂದಿದ್ದ ನಾಲ್ಕಾರು ಜನ ಗೋಡೆ ಪಕ್ಕದ ಬೆಂಚಿನಲ್ಲಿ ಒತ್ತಿಕೊಂಡು ಕೂತರು. ಅಂಕದಲ್ಲಿ ಅಳಿಯ ಮುಂದಿದ್ದ. ಮಾವನನ್ನು ಒಮ್ಮೆಯಾದರೂ ಸೋಲಿಸಬೇಕೆಂದು ಆರು ವರ್ಷ ಕಾದವನು ಅವನು. ಆದರೆ ಹತ್ತು ನಿಮಿಷದ ಹಿಂದೆ ಅವನ ಅಂಗಿ ತೋಳಿನ ಗುಂಡಿ ಒಂದು ಕೆಂಪು ಚೆಂಡಿಗೆ ತಾಗಿತ್ತು. ಅದು ಫೌಲ್. ಈ ಆಟದಲ್ಲಿ ಅಂಥ ತಪ್ಪನ್ನು ಆಡುವವನೇ ಬಾಯಿಬಿಟ್ಟು ಹೇಳುವುದು ಮರ್ಯಾದೆ. ಅವನು ಹೇಳಿರಲಿಲ್ಲ. ಅಂಕ ಬರೆಯುವ ಮಾರ್ಕರ್ ತಾತ ಅದನ್ನು ನೋಡಿದನೋ ಇಲ್ಲವೋ ಎಂಬ ಅನುಮಾನ ಅಳಿಯನನ್ನು ಕೊರೆಯುತ್ತಿತ್ತು. ಅಷ್ಟರಲ್ಲಿ ತಾತ, ಯಾರೂ ಕೇಳದಿದ್ದರೂ, ಕತೆ ಶುರುಮಾಡಿದ.

"ದೆವ್ವ ಅಂದ್ರೆ ನಗ್ತೀರಿ. ನಗಿ, ನಗಿ... ಇದೇ ಮೇಜಿನ ಮೇಲೆ ಅಣ್ಣ ತಮ್ಮ ಆಡ್ತಿದ್ರು, ಪ್ರಿಂಟಿಂಗ್ ಪ್ರೆಸ್ಸಿನೋರು, ಒಂದೇ ತಟ್ಟೇಲಿ ಉಂಡು ಬೆಳೆದೋರು. ಅವತ್ತು ಫೈನಲ್. ಅಣ್ಣ ಬಗ್ಗಿ ಹೊಡೆಯೋವಾಗ ಅವನ ಅಂಗಿ ಪಿಂಕ್ ಚೆಂಡಿಗೆ ತಾಗ್ತು... ಕೂದಲೆಳೆಯಷ್ಟು ಅಲುಗ್ತು, ಅಷ್ಟೇ. ಅಣ್ಣ ತುಟಿ ಪಿಟಕ್ಕನ್ನಲಿಲ್ಲ. ತಮ್ಮ ನನ್ನ ಕಡೆ ತಿರುಗಿ, 'ಮುಟ್ತಾ?' ಅಂದ. ನಾನೇನು ಹೇಳ್ದೆ ಗೊತ್ತಾ? ಇಲ್ಲ ಅಂದೆ. ಅಣ್ಣ ಕ್ಲಬ್ಬಿನ ಸೆಕ್ರೆಟರಿ, ನನಗೆ ಕೆಲಸ ಕೊಟ್ಟೋನು. ಉಂಡ ಮನೆ ಜಂತೆ ಎಣಿಸೋಕಾಗತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅಳಿಯ ಮೆಲ್ಲಗೆ ತೋಳು ಮಡಚಿಕೊಂಡ.

"ತಮ್ಮ ಆಮೇಲೆ ಅಣ್ಣನ ಮುಖ ನೋಡ್ಲಿಲ್ಲ. ಮೂರೇ ತಿಂಗಳು, ಜ್ವರ ಬಂದು ತೀರ್ಕೊಂಡ. ಅಲ್ಲಿಗೆ ಮುಗೀತು ಅನ್ಕೊಂಡ್ರಾ? ಒಂದಿನ ಬೆಳಿಗ್ಗೆ ಮೇಜಿನ ಬಟ್ಟೆಗೆ ಬ್ರಷ್ ಹಾಕ್ತಿದೀನಿ, ಸುತ್ತ ನರಪಿಳ್ಳೆ ಇಲ್ಲ... ಬೆನ್ನ ಹಿಂದೆ, ಕಿವಿ ಹತ್ರ... 'ಮುಟ್ತಾ?' ತಮ್ಮಂದೇ ದನಿ. ಆದ್ರೂ ಬಾಯಿಗೆ ಬಂದಿದ್ದು ಅದೇ, ಇಲ್ಲ. ಅವತ್ತಿಂದ ದಿನಾ ಅವನು ಕೇಳೋದು, ದಿನಾ ನಾನು ಇಲ್ಲ ಅನ್ನೋದು. ಅಣ್ಣನ್ನೂ ಬಿಡ್ಲಿಲ್ಲ, ಅವನು ಪ್ರೆಸ್ಸು ಮುಚ್ಚಿ ಊರೇ ಬಿಟ್ಟ. ಇಪ್ಪತ್ತೆಂಟು ವರ್ಷ ಆಯ್ತು... ಸಾಕಾಗಿಹೋಗಿದೆ ಕಣ್ರಪ್ಪಾ."

"ಹೌದು ಅಂದ್ಬಿಡೋಕೇನು ತಾತ, ಗಂಟು ಹೋಗತ್ತಾ?" ಎಂದು ಮಾವ ಕೆಣಕಿದರು.

"ಅಂದೆನಲ್ಲ ಈಗ, ನಿಮ್ಮೆಲ್ಲರ ಮುಂದೆ. ಮುಟ್ತು, ನಾನೇ ನೋಡ್ದೆ. ನನ್ನ ಪಾಡಿಗೆ ನಾನು ಹಗುರಾದೆ. ಹಾಗಂತ ಅವನು ಹೋದ ಅಂತೀರಾ? ಅವನಿಗೆ 'ಮುಟ್ತಾ?' ಅಂತ ಕೇಳೋಕೊಬ್ಬ ಬೇಕು..."

ಕರೆಂಟು ಬಂತು. ಬೇರೆಯವರು ನಕ್ಕರು. ಅಳಿಯ, ಮುದುಕ ಬೇಕೆಂದೇ ತನ್ನನ್ನು ಚುಚ್ಚಿದನೆಂದು ಹಲ್ಲು ಕಚ್ಚಿ, ಕ್ಯೂ ಕೋಲು ಹಿಡಿದು ಮೇಜಿನ ಮೇಲೆ ಬಗ್ಗಿದ. ಹೊಡೆಯುವ ಮೊದಲೇ ತಟ್ಟನೆ ನೆಟ್ಟಗಾಗಿ ಹಿಂದಕ್ಕೆ ತಿರುಗಿದ. ಅಲ್ಲಿ ಗೋಡೆ ಮಾತ್ರ ಇತ್ತು.

"ಇಲ್ಲ," ಎಂದ ಅವನು. "ಮುಟ್ಟಿಲ್ಲ."

"ಏನಪ್ಪಾ ಅದು?" ಮಾವ ಗಾಬರಿಯಾದರು. "ನಿನ್ನ ಯಾರು ಏನು ಕೇಳಿದ್ರು?"

ತಾತ ಅಳಿಯನನ್ನೇ ನೋಡಿದ. ಪಾಪ ಅನ್ನಿಸಿತೇನೋ, ದನಿ ತಗ್ಗಿತ್ತು.

"ಇಷ್ಟು ವರ್ಷದಲ್ಲಿ ಇವತ್ತೇ ಮೊದಲು... ನನಗೆ ಕೇಳಿಸ್ಲಿಲ್ಲ."